ಕುರ್‌ಆನ್ ಸೂಕ್ತಗಳು ರಿಂಗ್‌ಟೋನ್ ಆಗಬೇಕೇ?

ನಮಗೆ ಇಷ್ಟವಾದ ಯಾವುದೇ ಧ್ವನಿಯನ್ನು ಮೊಬೈಲಿನ ರಿಂಗ್‌ಟೋನ್ ಆಗಿ ಮಾಡಿಕೊಳ್ಳುವುದು ಇಂದು ಬಹಳ ಸುಲಭ. ಎಂಪಿ3 ಫೈಲೊಂದನ್ನು ಆರಿಸಿ, ಬೇಕಾದ ಭಾಗವನ್ನು ಕತ್ತರಿಸಿ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದರೆ ಮುಗಿಯಿತು. ಅನೇಕರು ಸಿನೆಮಾ ಹಾಡುಗಳನ್ನು ಆರಿಸಿಕೊಂಡರು. ಅದನ್ನು ಮೆಚ್ಚದ ನಮ್ಮ ಸಹೋದರ ಸಹೋದರಿಯರು ಖಾರಿಗಳ ಪಾರಾಯಣವನ್ನೋ ಅಝಾನನ್ನೋ ಆರಿಸಿಕೊಂಡರು. ಹಾಡಿನ ಬದಲು ಅಲ್ಲಾಹನ ವಚನವೇ ಕಿವಿಗೆ ಬೀಳಲಿ ಎಂಬ ಅವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಹಲವು ವರ್ಷಗಳ ಕಾಲ ನಾವೂ ಅದನ್ನೇ ಮಾಡಿದ್ದೆವು.

ಒಂದು ದಿನ ಮದ್ರಸಾದಲ್ಲಿ ಮಕ್ಕಳಿಗೆ ವಕ್ಫ್‌ನ ನಿಯಮಗಳನ್ನು, ಅಂದರೆ ಪಾರಾಯಣದಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಎಂಬುದನ್ನು ಕಲಿಸುತ್ತಿದ್ದೆವು. ಆಗ ನಮ್ಮ ಜೇಬಿನಲ್ಲಿದ್ದ ಫೋನಿನಿಂದ ಆಯತುಲ್ ಕುರ್ಸಿ ಮೊಳಗತೊಡಗಿತು. ಪಾಠಕ್ಕೆ ಅಡ್ಡಿಯಾಯಿತೆಂದು ಅವಸರದಿಂದ ಗುಂಡಿಯನ್ನು ಒತ್ತಿದೆವು. ಧ್ವನಿಯು 'ಬೇರೆ ಆರಾಧ್ಯನಿಲ್ಲ' ಎಂಬಲ್ಲಿಗೆ ತುಂಡಾಯಿತು. 'ಅವನ ಹೊರತು' ಎಂಬುದು ಉಳಿದುಹೋಯಿತು. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗನೊಬ್ಬ ಉಳಿದ ಭಾಗವನ್ನು ಮೆಲುದನಿಯಲ್ಲಿ ತಾನೇ ಓದಿ ಪೂರ್ತಿಗೊಳಿಸಿದನು. ಉಸ್ತಾದರು ಅರ್ಧಕ್ಕೆ ನಿಲ್ಲಿಸಿದರೆ ಮುಂದಿನದನ್ನು ಶಿಷ್ಯರು ಹೇಳಬೇಕೆಂಬುದು ನಾವೇ ಕಲಿಸಿದ ರೂಢಿಯಲ್ಲವೇ? ಅಂದಿನ ಪಾಠವನ್ನು ಕಲಿತವರು ನಾವು.

ತಪ್ಪಾದ ಸ್ಥಳದಲ್ಲಿ ನಿಲ್ಲಿಸಿದರೆ ಅರ್ಥವೇ ತಲೆಕೆಳಗಾಗುವ ಸೂಕ್ತಗಳು ಕುರ್‌ಆನಿನಲ್ಲಿವೆ. ಸೂರಃ ಅಲ್ ಮಾಊನ್‌ನ ನಾಲ್ಕನೆಯ ಸೂಕ್ತಕ್ಕೇ ನಿಲ್ಲಿಸಿದರೆ ನಮಾಝ್ ಮಾಡುವವರಿಗೆಲ್ಲ ವಿನಾಶವಿದೆ ಎಂದಾಗಿಬಿಡುತ್ತದೆ. ನಮಾಝಿನ ಬಗ್ಗೆ ಅಲಕ್ಷ್ಯ ತೋರುವವರ ಕುರಿತು ಆ ಮಾತು ಎಂಬುದು ತಿಳಿಯುವುದು ಐದನೆಯ ಸೂಕ್ತಕ್ಕೆ ಬಂದಾಗ ಮಾತ್ರ. ಫೋನಿಗೆ ಈ ವಿವೇಕವಿಲ್ಲ. ನಾವು ಉತ್ತರಿಸಿದ ಕ್ಷಣವೇ ಅದರ ವಕ್ಫ್. ನಾವು ಉತ್ತರಿಸದಿದ್ದರೂ ಕರೆ ತಾನಾಗಿಯೇ ಕಡಿದುಹೋಗುತ್ತದೆ. ಉತ್ತರಿಸದ ಮೊಬೈಲ್ ಕರೆ ರಿಂಗಾಗುವ ಅವಧಿಯನ್ನು ಟ್ರಾಯ್ 2019ರಲ್ಲಿ 30 ಸೆಕೆಂಡುಗಳೆಂದು ನಿಗದಿಪಡಿಸಿದೆ. ತಜ್ವೀದಿನೊಂದಿಗೆ ನಿಧಾನವಾಗಿ ಓದಿದ ಆಯತುಲ್ ಕುರ್ಸಿ ಅಷ್ಟರಲ್ಲಿ ಮುಗಿಯದು.

ಅದು ಮೊಳಗುವ ಸ್ಥಳವೂ ನಮ್ಮ ಕೈಯಲ್ಲಿಲ್ಲ. ಶೌಚಾಲಯದಲ್ಲಿ, ಮೀನು ಮಾರುಕಟ್ಟೆಯ ಗದ್ದಲದಲ್ಲಿ, ಜಗಳದ ನಡುವೆ, ಎಲ್ಲಿಯೂ ಅದು ಮೊಳಗಬಹುದು. ಅಝಾನಿನ ವಿಷಯ ಇನ್ನೂ ಸೂಕ್ಷ್ಮವಾದುದು. ರಮಝಾನಿನ ಸಂಜೆ ಖರ್ಜೂರವನ್ನು ಹಿಡಿದು ಕುಳಿತವರ ನಡುವೆ, ಮಗ್ರಿಬ್‌ಗೆ ಎರಡು ನಿಮಿಷವಿರುವಾಗ ಯಾರದೋ ಫೋನ್ ಅಝಾನ್ ಮೊಳಗಿಸಿದರೆ ಏನಾದೀತು?

ಇವೆಲ್ಲಕ್ಕಿಂತ ನಮ್ಮನ್ನು ಕಾಡುವ ಸಂಗತಿ ಬೇರೊಂದಿದೆ. ಕುರ್‌ಆನ್ ಪಾರಾಯಣವಾಗುವಾಗ ಮೌನವಾಗಿದ್ದು ಆಲಿಸಬೇಕೆಂದು ಸೂರಃ ಅಲ್ ಅಅ್‌ರಾಫ್‌ನ 204ನೆಯ ಸೂಕ್ತವು ಆದೇಶಿಸುತ್ತದೆ. ರಿಂಗ್‌ಟೋನ್ ಆದ ಪಾರಾಯಣವನ್ನು ಯಾರು ಆಲಿಸುತ್ತಾರೆ? ಅದು ಕೇಳಿದೊಡನೆ ಫೋನ್ ಎಲ್ಲಿ ಎಂದು ಹುಡುಕುತ್ತೇವೆ, ಯಾರ ಕರೆ ಎಂದು ನೋಡುತ್ತೇವೆ. ಸಾಲಗಾರನ ಕರೆಯಾದರೆ ಮುಖ ಸಿಂಡರಿಸುತ್ತೇವೆ. ಕುರ್‌ಆನ್ ಕೇಳಿದೊಡನೆ ಅದನ್ನು ನಿಲ್ಲಿಸಲು ಧಾವಿಸುವಂತೆ ದಿನಕ್ಕೆ ಹತ್ತಾರು ಬಾರಿ ನಮ್ಮ ಕೈಯನ್ನು ನಾವೇ ಪಳಗಿಸುತ್ತಿದ್ದೇವೆ. ಮಕ್ಕಳು ಇದನ್ನು ನೋಡಿಯೇ ಬೆಳೆಯುತ್ತಾರೆ.

ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆಯಲ್ಲವೇ ಎಂದು ಕೆಲವರು ಕೇಳಬಹುದು. ನಿಜ, ಆ ಸದುದ್ದೇಶಕ್ಕೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಉದ್ದೇಶ ಒಳ್ಳೆಯದಾದರೆ ಅದಬ್ ಬೇಡವೆಂದಾಗುವುದಿಲ್ಲ. ಮುಸ್‌ಹಫನ್ನು ಪ್ರೀತಿಯಿಂದ ಮನೆಗೆ ತಂದವನು ಅದನ್ನು ಹೊಸ್ತಿಲ ಮೇಲೆ ಇಡುವನೇ? ಕರೆಗಳಿಗೆ ಸೂಚನೆಯಾಗಿ ಕುರ್‌ಆನ್ ಸೂಕ್ತಗಳನ್ನು ಬಳಸುವುದು ಸರಿಯಲ್ಲವೆಂದು ಮಕ್ಕಾದ ಇಸ್ಲಾಮೀ ಫಿಕ್‌ಹ್ ಮಂಡಳಿಯು 2007ರಲ್ಲಿಯೇ ನಿರ್ಣಯಿಸಿದೆ. ಪಾರಾಯಣವು ನಡುವೆ ತುಂಡಾಗುವುದು ಮತ್ತು ಸಲ್ಲದ ಸ್ಥಳಗಳಲ್ಲಿ ಮೊಳಗುವುದು ಅದು ನೀಡಿದ ಕಾರಣಗಳು.

ಹಾಗಾದರೆ ಏನು ಮಾಡಬೇಕು? ಸಿನೆಮಾ ಹಾಡಿಗೆ ಮರಳಬೇಕಿಲ್ಲ. ಫೋನಿನಲ್ಲೇ ಇರುವ ಸರಳ ಗಂಟೆಯ ಸದ್ದು ಸಾಕು. ಸ್ವಂತದ್ದೇ ಬೇಕೆನ್ನುವವರು ಹಕ್ಕಿಯ ಚಿಲಿಪಿಲಿಯನ್ನೋ, 'ಅಬ್ಬಾ, ಫೋನ್ ಬಂದಿದೆ' ಎಂಬ ಮಗುವಿನ ದನಿಯನ್ನೋ ಧ್ವನಿಮುದ್ರಿಸಿ ಇಟ್ಟುಕೊಳ್ಳಬಹುದು. ಮನೆಯ ಹಿರಿಯರ ಫೋನಿನಲ್ಲಿ ಸೂಕ್ತಗಳನ್ನು ಇಟ್ಟುಕೊಟ್ಟವರು ಹೆಚ್ಚಾಗಿ ಮಕ್ಕಳೇ. ಬದಲಿಸಿಕೊಡುವುದೂ ಅವರ ಕೆಲಸವೇ. ಹಿರಿಯರನ್ನು ಗದರಿಸದೆ, ಪಕ್ಕದಲ್ಲಿ ಕುಳಿತು ಕಾರಣವನ್ನು ವಿವರಿಸಿ ಬದಲಿಸಿಕೊಡಿರಿ. ಆ ಪಾರಾಯಣದ ಫೈಲನ್ನು ಮಾತ್ರ ಅಳಿಸಬೇಡಿರಿ. ಫಜ್ರ್ ನಮಾಝಿನ ಬಳಿಕ ಅದನ್ನು ಅವರೊಂದಿಗೆ ಕುಳಿತು ಆರಂಭದಿಂದ ಕೊನೆಯವರೆಗೆ ಆಲಿಸಿರಿ.

ಅಲ್ಲಾಹನ ಲಾಂಛನಗಳನ್ನು ಗೌರವಿಸುವುದು ಹೃದಯದ ತಕ್ವಾದ ಲಕ್ಷಣವೆಂದು ಸೂರಃ ಅಲ್ ಹಜ್ಜ್‌ನ 32ನೆಯ ಸೂಕ್ತವು ತಿಳಿಸುತ್ತದೆ. ತನ್ನ ಗ್ರಂಥವನ್ನು ಕೇಳಿದೊಡನೆ ನಿಲ್ಲಿಸುವವರಲ್ಲಿ ಅಲ್ಲ, ಕೇಳಿದೊಡನೆ ತಾವೇ ನಿಂತು ಆಲಿಸುವವರಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.