ಅಂಗಳ ತೊಳೆಯಲು ಎಷ್ಟು? ನೋಡದೇ ಹೇಳುವ ರೇಟು

ಬೇಮಳಖೇಡ: “ಅಂಗಳ ತೊಳೀಲಿಕ್ಕೆ ಎಷ್ಟ್ ತಗೋತೀರಿ?” “ನೀವೇ ಹೇಳ್ರಿ ಸಾವಕಾರ್ರ, ಎಷ್ಟ್ ಕೊಡ್ತೀರಿ?” ವ್ಯವಹಾರ ಶುರುವಾಗುವುದೇ ಹೀಗೆ. ಅಂಗಳ ಎಷ್ಟು ಉದ್ದ, ಎಷ್ಟು ಅಗಲ ಎಂದು ಇಬ್ಬರೂ ಅಳೆದಿರುವುದಿಲ್ಲ. ಒಬ್ಬರು ಮೂರು ಸಾವಿರ ಅನ್ನುತ್ತಾರೆ, ಇನ್ನೊಬ್ಬರು ಒಂದು ಸಾವಿರ ಅನ್ನುತ್ತಾರೆ, ಚಹಾ ಮುಗಿಯುವುದರೊಳಗೆ ಗುತ್ತಾ ಮುಗಿದಿರುತ್ತದೆ. ಈಗಂತೂ ಮೊಬೈಲಿನಲ್ಲಿ ಒಂದು ಫೋಟೋ ಕಳಿಸಿದರೆ ಸಾಕು, ಹುಮನಾಬಾದಿನಲ್ಲಿ ಕುಳಿತವರು ಅಲ್ಲಿಂದಲೇ ರೇಟು ಹೇಳಿಬಿಡುತ್ತಾರೆ. ಫೋಟೋದಲ್ಲಿ ಪಾಚಿ ಕಾಣುತ್ತದೆಯೇ? ಗಾಡಿಯಿಂದ ಸೋರಿದ ಆಯಿಲ್ ಕಲ್ಲಿನೊಳಗೆ ಎಷ್ಟು ಇಳಿದಿದೆ ಎಂಬುದು ಕಾಣುತ್ತದೆಯೇ?

ಇದು ಸಣ್ಣ ವಿಷಯ ಎಂದು ನಗುವವರು ನಗಲಿ. ಹಿಂದೆ ಅಂಗಳಕ್ಕೆ ಸೆಗಣಿ ಸಾರಿಸುವ ಕೆಲಸ ಮನೆಯ ಸೊಸೆಯ ಪಾಲಿಗಿತ್ತು. ಅದಕ್ಕೆ ರೇಟು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಈಗ ಮನೆ ಮುಂದೆ ಫರ್ಸಿ ಬಂದಿದೆ, ಸಿಮೆಂಟ್ ಕಾಂಕ್ರೀಟು ಬಂದಿದೆ, ಅಂಗಡಿ ಮುಂದೆ ಮೋಟರ್ ಸೈಕಲ್ಲು, ಟ್ರ್ಯಾಕ್ಟರು ನಿಲ್ಲುತ್ತವೆ. ಮಳೆಗಾಲದಲ್ಲಿ ಕೆಂಪು ಮಣ್ಣು ಗಾಲಿಗೆ ಅಂಟಿಕೊಂಡು ಬಂದು ಅಂಗಳದಲ್ಲೇ ಒಣಗುತ್ತದೆ. ಗುಟಕಾ ಉಗುಳಿದ ಕಲೆಯ ಮಾತಂತೂ ಬೇಡವೇ ಬೇಡ. ದೀಪಾವಳಿಗೆ ಮುಂಚೆ, ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಜನವರಿಯ ಹುಮನಾಬಾದ ವೀರಭದ್ರೇಶ್ವರ ಜಾತ್ರೆಗೆ ಬೀಗರು ಬರುವ ಹೊತ್ತಿಗೆ, ಪಂಪು ಹೊತ್ತು ತಂದು ತೊಳೆಯುವವರನ್ನು ಕರೆಯುವುದು ವಾಡಿಕೆಯಾಗುತ್ತಿದೆ. ಕೆಲಸ ಹೊಸದು, ರೇಟು ಹೇಳುವ ಪದ್ಧತಿ ಮಾತ್ರ ಎಮ್ಮೆ ವ್ಯಾಪಾರದ್ದು.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಗಡಿ ಮುಂದಿನ ಅಂಗಳ 30 ಫೂಟ ಉದ್ದ, 20 ಫೂಟ ಅಗಲ. ಅಂದರೆ 600 ಚದರ ಫೂಟ, ಗೌಂಡಿಗಳ ಭಾಷೆಯಲ್ಲಿ ಆರು ಬ್ರಾಸ್. ಗುತ್ತೇದಾರ 2,000 ರೂಪಾಯಿ ಕೇಳಿದ, ಚೌಕಾಸಿಯಾಗಿ 1,200ಕ್ಕೆ ನಿಂತಿತು. ಚದರ ಫೂಟಿಗೆ ಎರಡು ರೂಪಾಯಿ ಬಿತ್ತು. ಸಾವಕಾರರಿಗೆ ಎಂಟುನೂರು ಉಳಿಯಿತು ಎಂಬ ಸಮಾಧಾನ. ಈಗ ಒಳಗಿನ ಲೆಕ್ಕ ನೋಡ್ರಿ. ಇಬ್ಬರು ಆಳು ಒಂದು ದಿನ ತಿಕ್ಕಬೇಕು. 2025-26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತ್ರಿ ಯೋಜನೆಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳು ಎತ್ತುವವರಿಗೆ ಸಿಕ್ಕ ಅಷ್ಟೇ ಕೂಲಿ ಹಿಡಿದರೂ ಇಬ್ಬರಿಗೆ 740 ಆಯಿತು. ಉಳಿದದ್ದು 460. ಅದರಲ್ಲಿ ಪಂಪಿನ ಪೆಟ್ರೋಲು, ಟಂಟಂ ಬಾಡಿಗೆ, ಬ್ರಶ್ಶು, ಬ್ಲೀಚಿಂಗ್ ಪೌಡರು. ನೀರಿನ ಟ್ಯಾಂಕರೂ ಗುತ್ತೇದಾರನ ಮೇಲೇ ಬಿದ್ದರೆ 460 ಯಾವ ಮೂಲೆಗೆ? ಪೆಟ್ರೋಲ್ ಬಂಕಿನವ ಚೌಕಾಸಿ ಕೇಳುವುದಿಲ್ಲ, ಟ್ಯಾಂಕರಿನವನೂ ಬಿಡುವುದಿಲ್ಲ. ಚೌಕಾಸಿಗೆ ಸಿಗುವವಳು ಬ್ರಶ್ಶು ಹಿಡಿದ ಹೆಣ್ಣಾಳು ಒಬ್ಬಳೇ. “ಇವತ್ತ 250 ತಗೋ ಯವ್ವಾ, ಮುಂದಿನ ಸಲ ನೋಡೂಣು.” ಹೆಣ್ಣು ಗಂಡಿಗೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂದಿತ್ತು, 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಅಂಗಳದವರೆಗೆ ಅದು ಇನ್ನೂ ನಡೆದು ಬಂದಿಲ್ಲ.

ಕೂಲಿ ಕಡಿತವಾದ ಮೇಲೂ ಕೈಗೆ ಹತ್ತದಿದ್ದರೆ ಆ್ಯಸಿಡ್ ಡಬ್ಬಿ ಬರುತ್ತದೆ. ಇಬ್ಬರು ದಿನವಿಡೀ ತಿಕ್ಕುವ ಕಲೆಯನ್ನು ಆ್ಯಸಿಡ್ ಹತ್ತು ಮಿನಿಟಿನಲ್ಲಿ ತೆಗೆಯುತ್ತದೆ. ಕಡಿಮೆ ರೇಟಿನ ಗುಟ್ಟು ಬಹಳ ಕಡೆ ಇದೇ. ಆದರೆ ನಮ್ಮ ಭಾಗದ ಫರ್ಸಿ ಎಂದರೆ ಶಹಾಬಾದ ಕಲ್ಲು, ಅಂದರೆ ಸುಣ್ಣದ ಕಲ್ಲು. ವಾಡಿಯಲ್ಲಿ ಇಂಥದೇ ಸುಣ್ಣದ ಕಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡುತ್ತಾರೆ. ಸುಣ್ಣದ ಕಲ್ಲಿನ ಮೇಲೆ ಆ್ಯಸಿಡ್ ಬಿದ್ದರೆ ಬುಸ್ಸೆಂದು ನೊರೆ ಏಳುತ್ತದೆ. ಹೊಲಸು ಹೋಗುತ್ತಿದೆ ಎಂದು ನೋಡುವವರು ಖುಷಿಪಡುತ್ತಾರೆ, ಹೋಗುತ್ತಿರುವುದು ಮಾತ್ರ ಕಲ್ಲು. ಮೇಲಿನ ನುಣುಪು ಹೋಗಿ ಬಿಳಿಚಿಕೊಂಡು ಒರಟಾಗುತ್ತದೆ, ಒರಟು ಕಲ್ಲು ಮೊದಲಿಗಿಂತ ಬೇಗ ಮಣ್ಣು ಹಿಡಿಯುತ್ತದೆ. ಸಂದಿನ ಸಿಮೆಂಟೂ ಆ್ಯಸಿಡ್ಡಿಗೆ ಕರಗುತ್ತದೆ. ಮುಂದಿನ ವರ್ಷ ಮತ್ತೆ ತೊಳೆಸಬೇಕು, ಅದರ ಮುಂದಿನ ವರ್ಷ ಗೌಂಡಿಯನ್ನೇ ಕರೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಪಾಚಿಗೆಂದು ಬ್ಲೀಚಿಂಗ್ ಪೌಡರು ಹಾಕಿ, ಅದು ಹೋಗುವ ಮುಂಚೆಯೇ ಕಲೆಗೆಂದು ಆ್ಯಸಿಡ್ ಸುರಿಯುವವರಿದ್ದಾರೆ. ಎರಡೂ ಕೂಡಿದರೆ ಕ್ಲೋರಿನ್ ಗ್ಯಾಸು ಏಳುತ್ತದೆ. ಕಣ್ಣು ಉರಿದು ಉಸಿರು ಹಿಡಿಯುತ್ತದೆ, ಗೋಡೆಗಳ ನಡುವಿನ ಇಕ್ಕಟ್ಟಿನ ಅಂಗಳವಾದರೆ ಜೀವಕ್ಕೇ ಬರಬಹುದು. ಬಾಗಿ ತಿಕ್ಕುವವಳ ಮೂಗು ನೆಲಕ್ಕೆ ಎಲ್ಲರಿಗಿಂತ ಹತ್ತಿರ, ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದಾಡುತ್ತದೆ. ಕೈಗೆ ರಬ್ಬರ್ ಚೀಲವಿಲ್ಲ, ಕಾಲಿಗೆ ಬೂಟಿಲ್ಲ. ಮೂಗಿಗೆ ಸೆರಗು ಕಟ್ಟಿದರೆ ಗ್ಯಾಸು ನಿಲ್ಲುವುದಿಲ್ಲ. ಉಳಿಸಿದ ಎಂಟುನೂರು ಯಾರ ಎದೆಯಿಂದ ಉಳಿಯಿತು ಎಂದು ಸಾವಕಾರರು ಒಮ್ಮೆ ವಿಚಾರ ಮಾಡಬೇಡವೇ?

ಹಾಗೆಂದು ಗುತ್ತೇದಾರರೆಲ್ಲ ಪಾಪದವರು ಎಂದಲ್ಲ. ಮೊದಲು ಕಡಿಮೆ ರೇಟು ಹೇಳಿ, ಅರ್ಧ ಅಂಗಳ ತೊಳೆದ ಮೇಲೆ ಪಂಪು ಬಂದ್ ಮಾಡಿ ನಿಲ್ಲುವವರಿದ್ದಾರೆ. “ಆಯಿಲ್ ಕಲೆಗೆ ಬ್ಯಾರೆ ರೇಟ್ರಿ, ಪಾಚಿಗೆ ಬ್ಯಾರೆ, ನೀರು ನಿಮ್ದು.” ಅರ್ಧ ಬೆಳ್ಳಗೆ ಅರ್ಧ ಕರ್ರಗೆ ಇರುವ ಅಂಗಳ ಬಿಟ್ಟು ಕಳಿಸಲಾಗದೆ ಮಾಲೀಕರು ಕೇಳಿದಷ್ಟು ಕೊಡುತ್ತಾರೆ. ಇನ್ನು ಕೆಲವರು ಬಿಲ್ಲಿನ ಮೇಲೆ ಜಿ.ಎಸ್.ಟಿ. ಎಂದು ಬರೆದು ವಸೂಲಿಗೆ ನಿಲ್ಲುತ್ತಾರೆ. ಸೇವೆಯ ಧಂದೆಯಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ, ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ನಂಬರು ಕೇಳಿದರೆ ಗೊತ್ತಾಗುತ್ತದೆ.

ಸರಕಾರಿ ಕೆಲಸಕ್ಕಾದರೆ ರೇಟಿನ ಪುಸ್ತಕವಿದೆ, ಅಳತೆಯ ಎಂ.ಬಿ. ಇದೆ. (ಎಂ.ಬಿ.ಯಲ್ಲಿ ಬರೆದ ಅಳತೆ ನೆಲದ ಮೇಲೆ ಯಾವಾಗಲೂ ಸಿಗುತ್ತದೆಯೇ ಎಂಬುದು ಬೇರೆ ಲೇಖನದ ವಿಷಯ.) ಖಾಸಗಿ ಅಂಗಳಕ್ಕೆ ಅಷ್ಟೆಲ್ಲ ಬೇಡ, ಒಂದು ಚೀಟಿ ಸಾಕು. ಬಂದು ನೋಡಿ, ಟೇಪು ಹಿಡಿದು, ಎಷ್ಟು ಚದರ ಫೂಟ ಎಂದು ಬರೆಯಲಿ. ಕಲೆ, ಪಾಚಿ ಇದರಲ್ಲೇ ಬಂತೋ, ಬೇರೆಯೋ? ನೀರು ಯಾರದು? ಪ್ರೆಶರ್ ಪಂಪಿಗೆ ಮಿನಿಟಿಗೆ ಆರರಿಂದ ಹತ್ತು ಲೀಟರ್ ಹಿಡಿದರೂ ಮೂರು ತಾಸಿಗೆ ಸಾವಿರ ಲೀಟರಿನ ಮೇಲಾಯಿತು, ಬೇಸಿಗೆಯಲ್ಲಿ ಇದು ಸಣ್ಣ ಖರ್ಚಲ್ಲ. ಹೊಲಸು ನೀರು ಯಾವ ನಾಲಿಗೆ ಹೋಗುತ್ತದೆ ಎಂಬುದೂ ಚೀಟಿಯಲ್ಲಿರಲಿ. ಪಕ್ಕದ ಅಂಗಡಿಯ ಬಾಗಿಲಿಗೆ ಹರಿದರೆ ಜಗಳ ತೊಳೆಯುವವರಿಗಲ್ಲ, ಮಾಲೀಕರಿಗೇ. ಆ್ಯಸಿಡ್ ಇಲ್ಲ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಆಯಿಲ್ ಕಲೆಗೆ ಮೊದಲು ಬೂದಿಯನ್ನೋ ಕಟ್ಟಿಗೆ ಪುಡಿಯನ್ನೋ ಹಾಕಿ ಹೀರಿಸಿ, ಆಮೇಲೆ ಸೋಡಾ ಪುಡಿ, ಬಿಸಿನೀರು, ಬ್ರಶ್ಶು. ಇದಕ್ಕೆ ಹೊತ್ತು ಹಿಡಿಯುತ್ತದೆ, ಹೊತ್ತಿಗೆ ರೊಕ್ಕ ಹಿಡಿಯುತ್ತದೆ. ಅದಕ್ಕೇ ಕೂಲಿಯ ಸಾಲು ಬೇರೆಯಾಗಿರಬೇಕು, ಚೌಕಾಸಿ ಆ ಸಾಲನ್ನು ಮುಟ್ಟಬಾರದು.

ರೇಟು ಇಳಿಸಲೇಬೇಕು ಎನ್ನುವವರಿಗೆ ಬೇರೆ ದಾರಿ ಇದೆ. ಹುಮನಾಬಾದಿನಿಂದಲೋ ಬೀದರದಿಂದಲೋ ಪಂಪು ತರುವ ಬಾಡಿಗೆ 200 ಫೂಟಿನ ಅಂಗಳಕ್ಕೂ ಅಷ್ಟೇ, 2,000 ಫೂಟಿಗೂ ಅಷ್ಟೇ. ಸಣ್ಣ ಅಂಗಳಕ್ಕೆ ಫೂಟಿನ ರೇಟು ಜಾಸ್ತಿ ಬೀಳುವುದು ಇದಕ್ಕೇ. ಒಂದೇ ಸಾಲಿನ ನಾಲ್ಕು ಅಂಗಡಿಯವರು ಕೂಡಿ ಒಂದೇ ದಿನ ಕರೆಸಿದರೆ ಬಾಡಿಗೆ ನಾಲ್ಕು ಪಾಲಾಗುತ್ತದೆ. ಯಾರ ಕೂಲಿಯನ್ನೂ ಕಡಿಯದೆ ಇಳಿಯುವ ರೊಕ್ಕ ಅದು. ಆದರೆ ನಾಲ್ವರು ಅಂಗಡಿಯವರು ಒಂದು ದಿನಕ್ಕೆ ಒಪ್ಪುವುದು, ಪಾಚಿ ತೆಗೆದಷ್ಟು ಸುಲಭವಲ್ಲ!

ಬಸವಣ್ಣನವರ ಕಾಲದ ಶರಣೆ ಸತ್ಯಕ್ಕನ ಕಾಯಕ ಶಿವಭಕ್ತರ ಮನೆಯ ಅಂಗಳ ಗುಡಿಸುವುದಾಗಿತ್ತು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಎತ್ತಿಕೊಳ್ಳುವುದಿಲ್ಲ ಎಂದು ವಚನದಲ್ಲಿ ಹೇಳಿದಾಕೆ ಆಕೆ. ಕಲ್ಯಾಣದ ಹೆಸರು ಹೇಳಿ ಭಾಷಣ ಮಾಡುವ ನಮ್ಮ ಜಿಲ್ಲೆಯಲ್ಲಿ, ಹೆಚ್ಚಿನದನ್ನು ಬೇಡದವಳಿಗೆ ದುಡಿದದ್ದನ್ನಾದರೂ ಪೂರಾ ಕೊಡುವವರು ಎಷ್ಟು ಮಂದಿ?

ಕೆಲಸ ಕೆಟ್ಟರೆ ಬೀದರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಆದರೆ ಬೇಮಳಖೇಡದಿಂದ ಬಸ್ಸು ಹಿಡಿದು ಅಲ್ಲಿಗೆ ಹೋದವರು ತೋರಿಸುವುದೇನನ್ನು? ಚಹಾ ಕುಡಿಯುತ್ತ ಆಡಿದ ಮಾತನ್ನೇ? ಕೂಲಿ ಸಿಗದ ಹೆಣ್ಣಾಳು ಕಾರ್ಮಿಕ ಇಲಾಖೆಗೆ ಹೋದರೂ ಇದೇ ಪ್ರಶ್ನೆ. ಆ ಚೀಟಿಯ ಒಂದು ಪ್ರತಿ ಆಕೆಯ ಕೈಗೂ ಬರಬೇಕು.