ಅಸುರನಿಗೆ ಯಾರ ಬಣ್ಣ?

ಅನಂತ ಪೈ ಹುಟ್ಟಿದ್ದು 1929ರಲ್ಲಿ, ಕಾರ್ಕಳದಲ್ಲಿ. 1967ರಲ್ಲಿ ಅವರು ಶುರು ಮಾಡಿದ ಅಮರ ಚಿತ್ರ ಕಥೆ ಓದುತ್ತಲೇ ಎರಡು ತಲೆಮಾರು ಬೆಳೆಯಿತು. ಆದರೆ ಮಾಷ್ಟ್ರೇ, ಆ ಪುಟಗಳನ್ನ ಒಮ್ಮೆ ತಿರುವಿ ನೋಡಿ. ರಾಜ, ರಾಣಿ, ಋಷಿ ಹೆಚ್ಚಾಗಿ ಬೆಳ್ಳಗೆ. ಅಸುರ ಕಪ್ಪಗೆ.

ಕಾಪುವಿನ ಬಿಸಿಲಲ್ಲಿ ಮೀನು ಒಣಗಿಸುವವಳ ಮಗ, ಬುಟ್ಟಿ ಹೆಣೆಯುವ ಕೊರಗರ ಮಗಳು ಅಲ್ಲಿ ಅಪ್ಪನ ಬಣ್ಣ ಹುಡುಕಿದರೆ ಸಿಗೋದು ಸಾಯಲಿಕ್ಕೆಂದೇ ಬಂದ ರಾಕ್ಷಸ! ಬೈಗುಳ ಮರೆತೀತು, ಏಳನೇ ವಯಸ್ಸಲ್ಲಿ ಕಂಡ ಚಿತ್ರ ಮರೆಯೋದಿಲ್ಲ.

1979ರಲ್ಲಿ ಅಂಬೇಡ್ಕರರ ಕಥೆಯೂ ಅದೇ ಮಾಲೆಯಲ್ಲಿ ಬಂತು, ಒಪ್ಪೋಣ. ನೂರಾರು ಪುಸ್ತಕಗಳಲ್ಲಿ ಅಂಥವು ಎಷ್ಟು?

ಪೈಯವರು 2011ರಲ್ಲಿ ತೀರಿಕೊಂಡರು. ಚಿತ್ರಗಳು ಬದುಕಿವೆ. ಸುಡೋದು ಬೇಡ. ಉಡುಪಿಯ ಹಳ್ಳಿ ಶಾಲೆಗಳಲ್ಲಿ ನಮ್ಮ ಮಕ್ಕಳ ಕೈಗೆ ಇದ್ದಿಲು ಕೊಡಿ. ಆ ಕಪ್ಪಿನಲ್ಲೇ ತಮ್ಮ ನಾಯಕನನ್ನ ಬರೆಯಲಿ.