ಟ್ರಂಕಿನಲ್ಲಿ ಜಾತಿ ತುಂಬಿ ಕಳಿಸಬೇಡಿ

ಆಷಾಢದಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ. ಆದರೆ ಮಳೆ ಹಿಡಿದ ಅದೇ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಮಗಳನ್ನೋ ಮಗನನ್ನೋ ಕಳಿಸಿಕೊಡುವ ಇನ್ನೊಂದು ಕಾರ್ಯ ನಡೆಯುತ್ತದೆ. ಅದು ಕಾಲೇಜು ಸೇರಿದ ಮಕ್ಕಳಿಗೆ ಹಾಸ್ಟೆಲ್ಲಿನ ಟ್ರಂಕು ಕಟ್ಟುವ ಕಾರ್ಯ. ಹಾಸನದ ಬಸ್ ನಿಲ್ದಾಣದಲ್ಲಿ ಆಗ ಒಂದು ಗಂಟೆ ನಿಂತು ನೋಡಿ. ಅರಕಲಗೂಡಿನ ಬಸ್ಸಿನಿಂದ, ಹೊಳೆನರಸೀಪುರದ ಬಸ್ಸಿನಿಂದ, ಚನ್ನರಾಯಪಟ್ಟಣದ ಬಸ್ಸಿನಿಂದ ಹಾಸಿಗೆ ಸುರುಳಿ, ಪ್ಲಾಸ್ಟಿಕ್ ಬಕೆಟ್ಟು, ಟ್ರಂಕು, ಸೂಟ್‌ಕೇಸುಗಳು ಇಳಿಯುತ್ತಲೇ ಇರುತ್ತವೆ. ಬಕೆಟ್ಟಿನೊಳಗೆ ಚಟ್ನಿಪುಡಿ ಡಬ್ಬ, ಚಕ್ಕುಲಿ, ಕೊಬ್ಬರಿ ಎಣ್ಣೆ. ತಾಯಿಯ ಕಣ್ಣಲ್ಲಿ ನೀರು, ತಂದೆಯ ಕೈಯಲ್ಲಿ ಕಾಗದಪತ್ರದ ಫೈಲು.

ಆ ಟ್ರಂಕುಗಳ ಬಗ್ಗೆ ನನ್ನದೊಂದು ತಕರಾರಿದೆ. ಬೇರೆಯವರ ಮೇಲೆ ಹೇಳುವ ಮೊದಲು ನನ್ನ ಮೇಲೆಯೇ ಹೇಳಿಕೊಳ್ಳುತ್ತೇನೆ. ಕಡೆಯಲ್ಲಿ ಅದನ್ನು ಬರೆಯುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ.

ಕಳೆದ ಆಷಾಢದಲ್ಲಿ ಮೂರು ಮನೆಗಳಲ್ಲಿ ಟ್ರಂಕು ಕಟ್ಟುವುದನ್ನು ನೋಡಿದೆ. ಮೊದಲನೆಯದು ಹೊಳೆನರಸೀಪುರದ ನೆಂಟರ ಮನೆ. ಮಗನಿಗೆ ಹಾಸನದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಮನೆಯ ಯಜಮಾನರು ಬಸವ ಜಯಂತಿಯ ಮೆರವಣಿಗೆಯಲ್ಲಿ ಪ್ರತಿವರ್ಷ ಮುಂದಿನ ಸಾಲಿನಲ್ಲಿ ಇರುವವರು. ನಾನು ಕಾಫಿ ಕುಡಿಯುತ್ತಿದ್ದಾಗಲೇ ಹಾಸ್ಟೆಲ್ಲಿಗೆ ಫೋನು ಹಚ್ಚಿದರು. ನೀರು ಬರುತ್ತದೆಯೇ ಎಂದು ಕೇಳಲಿಲ್ಲ, ಓದುವುದಕ್ಕೆ ಜಾಗ ಇದೆಯೇ ಎಂದು ಕೇಳಲಿಲ್ಲ. "ಸಾರ್, ಆ ರೂಮಲ್ಲಿ ಇರೋ ಹುಡುಗ್ರು ಯಾವ ಜನ? ಸ್ವಲ್ಪ ನಮ್ಮೋರ ಜೊತೆಗೇ ಹಾಕಿಕೊಡಿ" ಎಂದರು. ಅವರ ತಲೆಯ ಮೇಲೆ ಗೋಡೆಯಲ್ಲಿ ಬಸವಣ್ಣನವರ ಪಟವಿತ್ತು. ಅದಕ್ಕೆ ಆ ದಿನದ ಹೂವನ್ನೂ ಮುಡಿಸಿದ್ದರು.

ಎರಡನೆಯದು ಚನ್ನರಾಯಪಟ್ಟಣದ ಹತ್ತಿರ, ತೆಂಗಿನ ತೋಟದವರ ಮನೆ. ಹುಡುಗನಿಗೆ ಮೂರು ಬ್ಯಾಗು ತುಂಬಿಸಿದ್ದರು. ಹನ್ನೆರಡು ಜೊತೆ ಬಟ್ಟೆ. "ಇಷ್ಟೆಲ್ಲ ಯಾಕಮ್ಮ?" ಎಂದೆ. "ಅವನಿಗೆ ಒಗೆದು ಅಭ್ಯಾಸ ಇಲ್ಲ ಕಣಣ್ಣ. ಶನಿವಾರ ಗಂಟು ಕಟ್ಟಿ ತರ್ತಾನೆ, ಒಗೆದು ಸೋಮವಾರ ಕಳಿಸ್ತೀನಿ" ಎಂದರು ಆ ತಾಯಿ. ಹದಿನೆಂಟು ವರ್ಷದ ಹುಡುಗ. ತಾನು ಉಂಡ ತಟ್ಟೆಯನ್ನು ಒಂದು ದಿನವೂ ತೊಳೆದವನಲ್ಲ. ಅದೇ ಮನೆಯ ಮಗಳು ಅವನಿಗಿಂತ ಎರಡು ವರ್ಷ ದೊಡ್ಡವಳು, ಅವನಿಗಿಂತ ಹೆಚ್ಚು ಅಂಕ ಪಡೆದವಳು. ಅವಳಿಗೆ ಹಾಸ್ಟೆಲ್ ಬೇಡ ಎಂದು ಊರಿಗೆ ಹತ್ತಿರದ ಕಾಲೇಜಿಗೇ ಸೇರಿಸಿದ್ದರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಮನೆಗೆಲಸ. ಅವಳಿಗೂ ಒಂದು ಪೆಟ್ಟಿಗೆ ಸಿದ್ಧವಾಗುತ್ತಿದೆ, ಅದು ಮದುವೆಯದು. ಅದಕ್ಕೆ ಬೆಳ್ಳಿ ಎಷ್ಟು ಬೇಕಾದರೂ ಬೀಳುತ್ತದೆ. ಮದುವೆಯ ಪೆಟ್ಟಿಗೆಗೆ ಸಾಲ ಮಾಡುವ ಕೈ ಹಾಸ್ಟೆಲ್ಲಿನ ಟ್ರಂಕಿಗೆ ಮಾತ್ರ ಯಾಕೆ ಹಿಂದೆಮುಂದೆ ನೋಡುತ್ತದೆ?

ಬಂಧುಗಳೇ, ಕಾಯಕದ ಮೇಲೆ ನಾವು ಎಷ್ಟು ಭಾಷಣ ಮಾಡಿದ್ದೇವೆ, ಎಷ್ಟು ಕೇಳಿದ್ದೇವೆ! ತನ್ನ ತಟ್ಟೆ, ತನ್ನ ಅಂಗಿ, ತನ್ನ ಮೂಲೆ, ಇವನ್ನು ತಾನೇ ಚೊಕ್ಕಟ ಮಾಡಿಕೊಳ್ಳುವುದು ಕಾಯಕದ ಅ ಆ ಇ ಈ. ಅದನ್ನೇ ಕಲಿಸದೆ ಕಳಿಸಿದ ಹುಡುಗ ಎಂಜಿನಿಯರ್ ಆಗಬಹುದು, ಶರಣ ಆಗಲಾರ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಗಂಡ ಮಾರಯ್ಯ ಆ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದ ತಾಯಿ ಆಕೆ. ಇಂದು ಲಕ್ಕಮ್ಮ ನಮ್ಮ ಮನೆಗೆ ಬಂದು ಆ ಮೂರು ಬ್ಯಾಗುಗಳನ್ನು ಬಿಚ್ಚಿದರೆ ಎಷ್ಟು ಉಳಿಸುತ್ತಾಳೆ, ಎಷ್ಟು ವಾಪಸ್ ಕಳಿಸುತ್ತಾಳೆ?

ಕಲ್ಯಾಣದ ಆ ಕೊನೆಯ ದಿನಗಳನ್ನೂ ನೆನೆಯಿರಿ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಆ ಇಬ್ಬರು ತಂದೆಯರು ಪ್ರಾಣ ಕೊಟ್ಟರು. ಶರಣರು ಊರು ಬಿಡಬೇಕಾಯಿತು. ಆಗ ಅವರೂ ಗಂಟು ಕಟ್ಟಿದರು. ಬೆನ್ನ ಹಿಂದೆ ಸೈನ್ಯ ಬರುತ್ತಿದ್ದಾಗ ಅವರು ಉಳವಿಯ ಕಡೆಗೆ ಹೊತ್ತುಕೊಂಡು ಹೋದದ್ದು ವಚನದ ಕಟ್ಟುಗಳನ್ನು ಎಂದು ನಮ್ಮ ಪರಂಪರೆ ಹೇಳುತ್ತದೆ. ಹೊನ್ನು ಬಿಟ್ಟರು, ಮನೆ ಬಿಟ್ಟರು, ಓಲೆಗರಿ ಬಿಡಲಿಲ್ಲ. ಹಾಗೆ ಉಳಿದುಬಂದ ಓಲೆಗಳನ್ನು ಊರೂರು ತಿರುಗಿ ಹುಡುಕಿ, ಸ್ವಂತ ಮನೆಯ ಸುಖ ಮರೆತು, ಫ. ಗು. ಹಳಕಟ್ಟಿಯವರು ಅಚ್ಚು ಹಾಕಿಸಿ ನಮ್ಮ ಕೈಗಿಟ್ಟರು. ನಮ್ಮ ಮಕ್ಕಳ ಟ್ರಂಕಿನಲ್ಲಿ ಆ ಕಟ್ಟಿನ ಒಂದು ಪುಟವಾದರೂ ಇದೆಯೇ? ಚಕ್ಕುಲಿ ಡಬ್ಬಕ್ಕೆ ಸಿಕ್ಕ ಜಾಗ ಒಂದು ವಚನ ಪುಸ್ತಕಕ್ಕೆ ಸಿಗಲಿಲ್ಲವೇ?

ಇಷ್ಟಲಿಂಗದ ಮಾತಂತೂ ಹೇಳುವುದೇ ಬೇಡ. ಬೆಳ್ಳಿ ಕರಡಿಗೆ ಕಳುವಾದೀತು ಎಂದು ಕೆಲವರು ಮನೆಯಲ್ಲೇ ಇರಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳಾದರೆ "ಅಲ್ಲೆಲ್ಲ ಮೈಲಿಗೆ ಆಗುತ್ತೆ, ದೇವರ ಮನೇಲೇ ಇರಲಿ ಬಿಡು" ಎನ್ನುತ್ತಾರೆ. ಯಾವ ಮೈಲಿಗೆ? ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದ ಧರ್ಮ ನಮ್ಮದು. ಗುಡಿಗೆ ಹೋಗಬೇಕಿಲ್ಲ, ಪೂಜಾರಿಯನ್ನು ಕಾಯಬೇಕಿಲ್ಲ, ಇರುವಲ್ಲೇ ಅಂಗೈಯಲ್ಲಿಟ್ಟು ನೋಡಿಕೊಳ್ಳಿ ಎಂದು ಗುರು ಕೊಟ್ಟ ಕುರುಹು ಅದು. ಊರು ಬಿಟ್ಟು ಹೋಗುವವರ ಜೊತೆಗೆ ಹೋಗಲಿ ಎಂದೇ ಮೈಮೇಲೆ ಧರಿಸಲು ಹೇಳಿದರು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಆ ಐದು ಸೂತಕಗಳನ್ನು ಮಾತ್ರ ಮಡಚಿ ಟ್ರಂಕಿನ ತಳದಲ್ಲಿಟ್ಟು ಕಳಿಸುತ್ತಿದ್ದೇವೆ. ಇದಕ್ಕಿಂತ ತಲೆಕೆಳಗಾದ ಕೆಲಸ ಇನ್ನೇನಿದೆ?

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. "ಮೇಷ್ಟ್ರೇ, ನಮ್ಮದು ಸಸ್ಯಾಹಾರ, ಮಕ್ಕಳು ಕೆಡ್ತಾರೆ" ಎನ್ನುತ್ತೀರಿ. ಸಸ್ಯಾಹಾರ ಇರಲಿ, ಯಾರು ಬೇಡ ಎಂದರು? ನಿನ್ನ ತಟ್ಟೆಯಲ್ಲಿ ಏನಿರಬೇಕು ಎನ್ನುವುದು ನಿನ್ನ ಮಾತು. ಪಕ್ಕದಲ್ಲಿ ಯಾರು ಕೂರಬೇಕು ಎನ್ನುವುದನ್ನು ಅದರ ಜೊತೆಗೆ ಕಟ್ಟಬೇಡ. ಎರಡನ್ನೂ ಒಂದೇ ಮಾಡಿಬಿಟ್ಟಿರುವುದು ನಮ್ಮ ಚಾಲಾಕಿತನ. "ಜಾತಿ ಬೇಡ ಎನ್ನುತ್ತೀರಿ, ಹಾಸ್ಟೆಲ್ಲಿಗೆ ಜಾತಿ ಪ್ರಮಾಣಪತ್ರ ಕೇಳ್ತಾರಲ್ಲ?" ಎಂದೂ ಕೇಳುತ್ತೀರಿ. ಹೌದು, ಜಾತಿ ಮತ್ತು ಆದಾಯದ ಪತ್ರಕ್ಕಾಗಿ ನಾಡಕಚೇರಿಯ ಮುಂದೆ ನಾನೂ ಸಾಲು ನಿಂತಿದ್ದೇನೆ. ನಾವು 3ಬಿ ಪ್ರವರ್ಗದವರು ಎಂದು ಅದರಲ್ಲಿದೆ. ಹಿಂದೆ ಬಿದ್ದವರನ್ನು ಮುಂದೆ ತರಲು ಲೆಕ್ಕ ಬೇಕು, ಲೆಕ್ಕಕ್ಕೆ ಕಾಗದ ಬೇಕು. ಆ ಕಾಗದ ಫೈಲಿನಲ್ಲಿರಲಿ, ಅದರ ಜಾಗ ಅದು. ಊಟದ ಮನೆಗೆ ಅದನ್ನು ಯಾಕೆ ತರುತ್ತೀರಿ?

ನಾನೂ ಟ್ರಂಕು ಹೊತ್ತು ಹೋದವನೇ. 1981ರಲ್ಲಿ ಅರಕಲಗೂಡು ಸೀಮೆಯಿಂದ ಅಪ್ಪ ನನ್ನನ್ನು ಸಿದ್ಧಗಂಗೆಗೆ ಬಿಟ್ಟು ಬಂದರು. ತಗಡಿನ ಟ್ರಂಕು, ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ. ಅಷ್ಟೇ. ಸಾವಿರಾರು ಹುಡುಗರು ಸಾಲಾಗಿ ಕುಳಿತು ಉಣ್ಣುತ್ತಿದ್ದೆವು. ಪಕ್ಕದವನು ಯಾರು ಎಂದು ಕೇಳಲು ಪುರಸೊತ್ತೂ ಇರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಕೇಳಿದ್ದರೆ ಪೂಜ್ಯ ಶಿವಕುಮಾರ ಸ್ವಾಮೀಜಿಯವರ ಎದುರು ನಿಲ್ಲಬೇಕಾಗುತ್ತಿತ್ತು. ಉಂಡ ತಟ್ಟೆಯನ್ನು ನಾವೇ ತೊಳೆದೆವು. ಅವರು 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅಲ್ಲಿಗೆ ಹರಿದು ಬಂದ ಜನ ಒಂದು ಜಾತಿಯವರಾಗಿರಲಿಲ್ಲ. ಆ ಅನ್ನ ಉಂಡವರೂ ಒಂದು ಜಾತಿಯವರಾಗಿರಲಿಲ್ಲ.

ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ಹುಡುಗರಿಗೆ ನಡೆಸಿದ ಪ್ರಸಾದ ನಿಲಯವನ್ನೂ, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ಮಾಡಿದ ದಾನವನ್ನೂ, ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಒಂದೊಂದು ಸಮುದಾಯದ ಮಕ್ಕಳಿಗೂ ವಿದ್ಯಾರ್ಥಿನಿಲಯ ಏಳಲು ಕೊಟ್ಟ ಆಸರೆಯನ್ನೂ ನೆನೆಯೋಣ. ಪಟ್ಟಣದಲ್ಲಿ ಉಳಿಯಲು ಜಾಗವಿಲ್ಲದ ಹಳ್ಳಿಯ ಹುಡುಗನಿಗೆ ಬಾಗಿಲು ತೆರೆಯಲೆಂದು ಅವರು ಹಾಸ್ಟೆಲ್ ಕಟ್ಟಿದರು. ನಾವೋ, ಬಾಗಿಲು ದಾಟಿದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಳ್ಳಲು ಕಲಿತಿದ್ದೇವೆ. ಆ ಅನ್ನದ ಋಣ ಹೀಗೆ ತೀರುತ್ತದೆಯೇ?

ಈಗ ಮೂರನೆಯ ಮನೆ, ಅಂದರೆ ನನ್ನ ಮನೆ. ಕಿರಿಯ ಮಗಳಿಗೆ ಹಾಸನದ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು. ಅರಕಲಗೂಡಿನ ಪಾತ್ರೆ ಅಂಗಡಿಯಲ್ಲಿ ಅವಳಿಗೆಂದು ಸ್ಟೀಲ್ ತಟ್ಟೆ, ಲೋಟ ಕೊಂಡು ಅವಳ ಹೆಸರು ಕೆತ್ತಿಸಿದೆ. ಟ್ರಂಕು ಕಟ್ಟುವಾಗ ನನ್ನ ಮನೆಯವರು "ಇದನ್ನ ಯಾರಿಗೂ ಕೊಡಬೇಡ, ಯಾರದ್ದೂ ಈಸ್ಕೋಬೇಡ ಕಣವ್ವ" ಎಂದರು. ನಾನು ಅಲ್ಲೇ ಇದ್ದೆ. ಎರಡು ತಿಂಗಳ ಹಿಂದೆ ವೇದಿಕೆ ಹತ್ತಿ ಹರಳಯ್ಯ ಮಧುವರಸರ ಕಥೆಯನ್ನು ಗದ್ಗದ ಕಂಠದಿಂದ ಹೇಳಿ ಚಪ್ಪಾಳೆ ಪಡೆದ ನಾನು, ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು.

ಹಾಸ್ಟೆಲ್ಲಿನ ಕೋಣೆಯಲ್ಲಿ ಇನ್ನೊಬ್ಬ ಹುಡುಗಿ ಆಗಲೇ ಬಂದಿದ್ದಳು. ಕೂಲಿಯವರ ಮಗಳು. ಒಂದು ಬಟ್ಟೆಯ ಚೀಲ, ಒಂದು ಹೊದಿಕೆ. ಅವಳು ಯಾವ ಜನ ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೆ ನಿಮ್ಮಲ್ಲಿ ಕೆಲವರು ಲೇಖನ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತೀರಿ. ಊಟದ ಗಂಟೆ ಹೊಡೆಯಿತು. ತಟ್ಟೆ ಲೋಟ ನೀವೇ ತರಬೇಕು ಎಂದು ಹಾಸ್ಟೆಲ್ಲಿನವರು ಹೇಳಿದ್ದು ಆ ಹುಡುಗಿಯ ಮನೆಗೆ ಮುಟ್ಟಿರಲಿಲ್ಲವೋ, ಮುಟ್ಟಿದರೂ ಕೊಳ್ಳಲು ಆಗಿರಲಿಲ್ಲವೋ. ಅವಳು ಕಿಟಕಿಯ ಹತ್ತಿರ ಹೋಗಿ, ಹಸಿವಿಲ್ಲ ಎಂದಳು. ನನ್ನ ಮಗಳು ಟ್ರಂಕು ತೆಗೆದು ಹೆಸರು ಕೆತ್ತಿದ ತಟ್ಟೆಯನ್ನು ಅವಳ ಕೈಗೆ ಕೊಟ್ಟಳು. ತನಗೆ ಚಟ್ನಿಪುಡಿ ಡಬ್ಬದ ಅಗಲವಾದ ಮುಚ್ಚಳ ತೆಗೆದುಕೊಂಡಳು. ಇಬ್ಬರೂ ಊಟಕ್ಕೆ ಹೋದರು.

ನನಗೆ ಆಗ ಮೊದಲು ಬಂದದ್ದು ಹೆಮ್ಮೆಯಲ್ಲ, ಸಿಟ್ಟು. ಹೊಸ ತಟ್ಟೆ ಹೋಯಿತು ಎಂಬ ಸಿಟ್ಟು. ತಟ್ಟೆಯ ಬೆಲೆಯ ಸಿಟ್ಟಲ್ಲ ಅದು, ನಿಮಗೂ ಗೊತ್ತು. ನಾಚಿಕೆ ಬಂದದ್ದು ತಿರುಗಿ ಬರುವ ಬಸ್ಸಿನಲ್ಲಿ. ಅರಕಲಗೂಡು ಬರುವವರೆಗೆ ತಲೆ ಎತ್ತಲಾಗಲಿಲ್ಲ. ಸಿದ್ಧಗಂಗೆಯಲ್ಲಿ ಉಂಡ ತಟ್ಟೆ ನೆನಪಿಗೆ ಬಂತು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಉಂಡ ಎಂದು ಮಕ್ಕಳಿಗೆ ಪಾಠ ಹೇಳಿದ ವರ್ಷಗಳೆಲ್ಲ ನೆನಪಿಗೆ ಬಂದವು. ಮಗಳಿಗೆ ನಾನು ಪುಸ್ತಕದಿಂದ ಹೇಳಿದ್ದನ್ನು ಅವಳು ನಿಜವೆಂದೇ ನಂಬಿಬಿಟ್ಟಿದ್ದಳು. ನಂಬದೆ ಉಳಿದವನು ನಾನೊಬ್ಬನೇ.

ದೀಪಾವಳಿಗೆ ಅವಳು ಆ ಗೆಳತಿಯನ್ನೂ ಕರೆತಂದಳು. ನನ್ನ ತಾಯಿ ಜಗಲಿಯಿಂದಲೇ "ಯಾರ ಪೈಕಿ ಮಗಾ ಈ ಹುಡುಗಿ?" ಎಂದರು. ಮಗಳು "ನನ್ನ ರೂಮಿನವಳು ಅಜ್ಜಿ" ಎಂದಳು. ಬಸವಣ್ಣನವರ ಯಾವ ವಚನ ಅಲ್ಲಿ ನೆನಪಾಗಬೇಕೋ ಅದು ನಿಮಗೂ ನೆನಪಾಗಿರುತ್ತದೆ. ನನ್ನ ಮನೆಯವರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಎಲ್ಲರಿಗೂ ಒಂದೇ ಸಾಲಿನಲ್ಲಿ ಬಡಿಸಿದರು. ಊಟವಾದ ಮೇಲೆ ಆ ಹುಡುಗಿಯ ತಟ್ಟೆಯ ಜೊತೆಗೆ ನನ್ನ ತಟ್ಟೆಯನ್ನೂ ನಾನೇ ತೊಳೆದೆ. ದೊಡ್ಡ ಕೆಲಸ ಮಾಡಿದೆ ಎಂದು ಹೇಳುತ್ತಿಲ್ಲ. ಐವತ್ತು ದಾಟಿದ ಮೇಲೆ ಮಾಡಿದೆ ಎಂದು ಹೇಳುತ್ತಿದ್ದೇನೆ.

ಆದ್ದರಿಂದ ಶರಣ ಬಂಧುಗಳೇ, ನನ್ನ ಬೇಡಿಕೆ ಇಷ್ಟೇ. ಬರುವ ಆಷಾಢದಲ್ಲಿ ಟ್ರಂಕು ಕಟ್ಟುವಾಗ ಎರಡು ತಟ್ಟೆ ಇಡಿ, ಒಂದು ಇಲ್ಲದವರಿಗೆ. ಬಟ್ಟೆ ಕಡಿಮೆ ಇಡಿ, ಒಗೆಯುವ ಸೋಪು ಇಡಿ, ಸೂಜಿದಾರ ಇಡಿ. ಗಂಡುಮಗನಿಗೆ ಹೊರಡುವ ಮೊದಲು ಒಂದು ತಿಂಗಳು ತಟ್ಟೆ ತೊಳೆಸಿ, ಬಟ್ಟೆ ಒಗೆಸಿ. ಹೆಣ್ಣುಮಗಳಿಗೆ ಸೀಟು ಸಿಕ್ಕ ಕಡೆಗೆ ಕಳಿಸಿ, ಅವಳ ಮದುವೆಗೆ ಕೂಡಿಟ್ಟ ಹಣದಲ್ಲಿ ಮೊದಲ ಪಾಲು ಅವಳ ಓದಿಗೆ ತೆಗೆಯಿರಿ. ಬೆಳ್ಳಿ ಕರಡಿಗೆಗೆ ಕಳ್ಳರ ಭಯವಿದ್ದರೆ ಹತ್ತಿಯ ಲಿಂಗವಸ್ತ್ರ ಸಾಕು, ಲಿಂಗವನ್ನು ಮಾತ್ರ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಒಂದು ವಚನ ಪುಸ್ತಕ ಇಡಿ. ಕೋಣೆಯ ಜೊತೆಗಾರರು ಯಾರು ಎಂದು ಫೋನು ಮಾಡಿ ಕೇಳಬೇಡಿ.

ಮಠಗಳ ಪೂಜ್ಯರಲ್ಲೂ ಒಂದು ಬಿನ್ನಹ. ಹೊಸ ಕಲ್ಯಾಣ ಮಂಟಪಕ್ಕೆ ಕಲ್ಲು ಹಾಕುವ ಮುನ್ನ, ನಮ್ಮ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಇರಲು ಎಷ್ಟು ಹಾಸಿಗೆ ಇದೆ ಎಂದು ಒಮ್ಮೆ ಎಣಿಸಿ ನೋಡಬೇಕು. ಆಷಾಢ ಬರುವ ಮೊದಲು ಮಠದ ಬಾಗಿಲಲ್ಲಿ ಒಂದು ದೊಡ್ಡ ಬುಟ್ಟಿ ಇಟ್ಟು, ಭಕ್ತರಿಂದ ಹೊಸ ತಟ್ಟೆ ಲೋಟ ಕೂಡಿಸಿ, ಹಾಸ್ಟೆಲ್ಲು ಸೇರುವ ಬಡ ಮಕ್ಕಳಿಗೆ ಕೊಡಬೇಕು. ಅದರ ಮೇಲೆ ಯಾರ ಹೆಸರನ್ನೂ ಕೆತ್ತಿಸುವುದು ಬೇಡ.